ಬಂದವರ ಚೀಲ

ನಮ್ಮ ಊರಿನಲ್ಲಿ ಮನೆಗೆ ಒಂದು ಕೋಣೆ ಸೇರಿಸಬೇಕಾದರೆ ಗಾರೆಯವರಿಗಿಂತ ಮೊದಲು ತಕ್ಕಡಿಯವರು ಬರುತ್ತಾರೆ. ಒಳಗಿರುವ ಪ್ರತಿಯೊಂದು ವಸ್ತುವನ್ನೂ ಅಂಗಳಕ್ಕೆ ತಂದು ತೂಗಿ, ತೂಗಿದ್ದಕ್ಕೆ ಸುಣ್ಣದ ಬೊಟ್ಟಿಟ್ಟು, ಮನೆಯವರನ್ನೂ ಒಬ್ಬೊಬ್ಬರಾಗಿ ತಕ್ಕಡಿಯ ಮೇಲೆ ನಿಲ್ಲಿಸಿ, ಒಟ್ಟು ಎಷ್ಟಾಯಿತೆಂದು ಹೇಳಿದ ಮೇಲೆಯೇ ಆರ್ಕಿಟೆಕ್ಟರು ಪೆನ್ಸಿಲನ್ನು ಕೈಗೆತ್ತಿಕೊಳ್ಳುವುದು. ನಮ್ಮ ಮಣ್ಣು ಮನೆಗಳನ್ನು ಹೊರುತ್ತದೆ, ಆದರೆ ಈಗಾಗಲೇ ಹೊತ್ತು ಅಭ್ಯಾಸವಾದಷ್ಟನ್ನು ಮಾತ್ರ. ಅದರ ಮೇಲೆ ಒಂದು ಮೂಟೆ ಅಕ್ಕಿ ಹೆಚ್ಚಾದರೂ ಸಂಜೆಯೊಳಗೆ ಹೊಸಿಲು ಕೆಳಗಿಳಿದಿರುತ್ತದೆ. ಇಳಿದದ್ದು ಮತ್ತೆ ಏಳುವುದಿಲ್ಲ. ರಸ್ತೆ ಇಳಿಯುವುದಿಲ್ಲ, ಹೊಲ ಇಳಿಯುವುದಿಲ್ಲ, ಕೊಟ್ಟಿಗೆಯೂ ಇಳಿಯುವುದಿಲ್ಲ. ಜನ ಮಲಗಿ ಏಳುವ ಮನೆ ಮಾತ್ರ ಇಳಿಯುತ್ತದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಒಮ್ಮೆ ಹಿತ್ತಿಲಿನ ಮಣ್ಣನ್ನು ಗಾಜಿನ ತೊಟ್ಟಿಯಲ್ಲಿ ತುಂಬಿ, ಮೇಲೆ ಕಬ್ಬಿಣದ ಗುಂಡುಗಳನ್ನಿಟ್ಟು ವರ್ಷವಿಡೀ ನೋಡಿದೆ. ಗುಂಡುಗಳು ಇಟ್ಟಲ್ಲೇ ಇದ್ದವು. ಆಮೇಲೆ ವಿದ್ಯಾರ್ಥಿಗಳು ಆ ತೊಟ್ಟಿಯಲ್ಲಿ ಮೆಂತ್ಯ ಬೆಳೆದರು.

ಇದಕ್ಕೆ ನಾವೆಲ್ಲ ಒಗ್ಗಿಕೊಂಡಿದ್ದೇವೆ. ದಿನದ ಸಾಮಾನನ್ನು ಆ ದಿನವೇ ತರುತ್ತೇವೆ. ರುಬ್ಬುವ ಕಲ್ಲುಗಳು, ಗ್ರಂಥಾಲಯ, ಮದುವೆಯ ಮಂಟಪ, ಆಸ್ಪತ್ರೆ, ಕಾಲೇಜು ಎಲ್ಲವೂ ಊರಾಚೆಯ ಬಂಡೆಯ ಮೇಲಿವೆ. ಬಂಡೆ ಯಾವ ಭಾರಕ್ಕೂ ಜಗ್ಗುವುದಿಲ್ಲ. ಆದರೆ ಅಲ್ಲಿ ನೀರಿಲ್ಲ, ನೆರಳಿಲ್ಲ, ಬೇಸಿಗೆಯಲ್ಲಿ ಬರಿಗಾಲಿಡಲಾಗುವುದಿಲ್ಲ. ಅಲ್ಲೊಂದು ಕಡೆ ಸಾಲು ಕೋಣೆಗಳಿವೆ. ಊರಿನ ಯಾವುದೋ ಮನೆಯ ಲೆಕ್ಕದಿಂದ ಹೊರಗುಳಿದವರು ಅವುಗಳಲ್ಲಿ ವಾಸವಾಗಿದ್ದಾರೆ. ಅದನ್ನು ಯಾರೂ ಮನೆ ಎನ್ನುವುದಿಲ್ಲ. ಬಂಡೆಯ ಮೇಲೆ ಇದ್ದಾರೆ ಎನ್ನುತ್ತೇವೆ, ಅಷ್ಟೇ.

ನಮ್ಮ ಜಗುಲಿಗಳು ಮನೆಗೆ ಅಂಟಿಕೊಂಡಿರುವುದಿಲ್ಲ. ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಕಟ್ಟುತ್ತಾರೆ. ಬಂದವರು ಅಲ್ಲೇ ಕೂತು ಮಾತಾಡಿ ಹೋಗುತ್ತಾರೆ. ತೀರ ಬೇಕಾದವರನ್ನು ಒಳಗೆ ಕರೆಯುವುದುಂಟು. ಅದಕ್ಕಾಗಿ ಪ್ರತಿ ಮನೆಯ ಬಾಗಿಲ ಹಿಂದೆಯೂ ಒಂದು ಮರಳಿನ ಚೀಲವಿರುತ್ತದೆ, ಒಬ್ಬ ಆಳಿನ ತೂಕದ್ದು. ಬಂದವರ ಚೀಲ ಎನ್ನುತ್ತೇವೆ. ಅತಿಥಿ ಒಳಗೆ ಬರುವಾಗ ಮನೆಯವರು ಆ ಚೀಲವನ್ನು ಎತ್ತಿ ಜಗುಲಿಗೆ ತಂದಿಡುತ್ತಾರೆ. ಅವರು ಹೊರಟುಹೋದ ಮೇಲೆ ಮತ್ತೆ ಒಳಗಿಡುತ್ತಾರೆ. "ಚೀಲ ಇಡ್ಲಾ?" ಎಂದು ಕೇಳಿದರೆ ಒಳಗೆ ಬನ್ನಿ ಎಂದು ಕರೆದಂತೆ. "ಅವರ ಮನೇಲಿ ನನಗೆ ಚೀಲ ಎತ್ತಲಿಲ್ಲ" ಎಂಬ ಕಾರಣಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬೀದಿಯಲ್ಲೇ ಇದ್ದಾರೆ.

ನಮ್ಮ ಮನೆ ಅಡುಗೆಮನೆಯಲ್ಲದೆ ಎರಡು ಕೋಣೆಗಳದ್ದು. ಒಂದು ನನ್ನದೂ ನನ್ನ ಹೆಂಡತಿ ವನಮಾಲಳದೂ. ಬೀದಿಯ ಕಡೆಗಿರುವ ಇನ್ನೊಂದು ನನ್ನ ಅಕ್ಕ ಸುಭದ್ರೆಯದು. ಅಪ್ಪ ಅಮ್ಮ ಹೋದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಕ್ಕ ಬೀದಿಯವರ ರವಿಕೆ ಹೊಲಿದು ನನ್ನನ್ನು ಓದಿಸಿದಳು, ಮದುವೆಯಾಗಲಿಲ್ಲ. ಅವಳ ಕೋಣೆಯ ಕಿಟಕಿ ಅವಳು ಹುಡುಗಿಯಾಗಿದ್ದಾಗ ಬೀದಿಯಲ್ಲಿ ನಿಂತವರ ಎದೆಯ ಮಟ್ಟಕ್ಕಿತ್ತಂತೆ. ಅಪ್ಪ ತೀರಿಕೊಂಡ ದಿನ ಜನ ಚೀಲ ಗೀಲ ನೋಡದೆ ಒಳಗೆ ನುಗ್ಗಿದ್ದರಿಂದ ಮನೆ ಒಮ್ಮೆಗೇ ಕುಸಿಯಿತು. ಆಮೇಲೂ ಅಲ್ಲಿಷ್ಟು ಇಲ್ಲಿಷ್ಟು ಇಳಿದು, ಈಗ ಕಿಟಕಿಯ ಕೆಳಪಟ್ಟಿ ಬೀದಿಯ ಮಣ್ಣಿನಿಂದ ಒಂದು ಗೇಣಷ್ಟೇ ಮೇಲಿದೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಕೂರುವ ಅಕ್ಕನಿಗೆ ಕಾಣುವುದು ಹೋಗಿಬರುವವರ ಪಾದಗಳು ಮಾತ್ರ. ಅಷ್ಟರಿಂದಲೇ ಅವಳು ಎಲ್ಲರನ್ನೂ ಗುರುತು ಹಿಡಿಯುತ್ತಿದ್ದಳು. "ಏನ್ ಶೆಟ್ರೇ, ಎಡಗಾಲು ಎಳೀತಿದೀರಿ, ಮಂಡಿ ನೋವು ಮತ್ತೆ ಬಂತಾ?" ಎಂದು ಒಳಗಿಂದ ಕೂಗಿದರೆ ಪಕ್ಕದ ಮನೆಯ ದೇವರಾಜಶೆಟ್ಟರು ಬಗ್ಗಿ ಉತ್ತರ ಹೇಳಿ ಮುಂದೆ ಹೋಗುತ್ತಿದ್ದರು.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ವನಮಾಲ ಗರ್ಭಿಣಿಯಾದಳು. ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸೋಣವೆಂದು ಮೊದಲು ಹೇಳಿದವಳು ಅಕ್ಕನೇ. ಆರ್ಕಿಟೆಕ್ಟ್ ಇಂದುಮತಿಯವರನ್ನು ಕರೆತಂದೆವು. ಅವರು ನಮ್ಮ ಊರಿನವರೇ, ಹೊರಗೆ ಹೋಗಿ ಕಲಿತು ಬಂದವರು. ಬೇರೆ ಊರುಗಳಲ್ಲಿ ಮನೆಗಳು ಕಟ್ಟಿದಲ್ಲೇ ನಿಂತಿರುತ್ತವೆ ಎಂದು ಅವರು ಹೇಳಿದರೆ ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು.

ಕೆಲಸಕ್ಕೆ ಬಂದವರು ಒಳಹೋಗುವಾಗ ಚೀಲ ಎತ್ತುವ ರೂಢಿಯಿಲ್ಲ, ಮನೆಯವರೊಬ್ಬರು ಹೊರಗೆ ನಿಲ್ಲುತ್ತಾರೆ. ಹಾಗೆ ನಾನು ಜಗುಲಿಯಲ್ಲಿ ಕುಳಿತೆ; ಒಳಗಿನ ಮಾತು ಅಕ್ಕನ ಕಿಟಕಿಯಿಂದ ಕೇಳಿಬರುತ್ತಿತ್ತು.

"ಕಿಟಕಿ ಚೆನ್ನಾಗಿದೆ ಸುಭದ್ರಮ್ಮ. ಬೆಳಕು ಬರುತ್ತೆ."

"ಬೆಳಕಿಗಿಂತ ಕಾಲು ಜಾಸ್ತಿ ಬರ್ತವೆ ಮೇಡಂ. ಅಲ್ನೋಡಿ, ನಮ್ ಪದ್ದು ಕಾಲು ಅಲ್ಲಾಡಿಸ್ತಾ ಕೂತಿದಾನೆ. ಏನೋ ಲೆಕ್ಕ ಹಾಕ್ತಿದಾನೆ."

"ಇದು ಇನ್ನೊಂದು ಸಲ ಇಳಿದ್ರೆ ಮಣ್ಣಿಗೆ ಹೋಗುತ್ತಲ್ಲ."

"ಹೋದ್ರೆ ನಾನು ಕತ್ತಲಲ್ಲಿ ಹೊಲೀಬೇಕು. ಎಲ್ಲರ ರವಿಕೆಗೂ ಒಂದೊಂದು ತೋಳು ಕಮ್ಮಿಯಾಗುತ್ತೆ."

ಇಂದುಮತಿ ನಕ್ಕರು. "ಇಳಿಸಲ್ಲ. ಮೇಲೆ ಒಂದು ತೂಕ ಏರಿದ್ರೆ ಒಳಗಿಂದ ಅಷ್ಟೇ ತೂಕ ಹೊರಗೆ ಹೋಗ್ಬೇಕು. ಅದನ್ನ ಸರಿ ಮಾಡ್ಕೊಡೋದೇ ನನ್ನ ಕೆಲಸ." ಆಮೇಲೆ ಹೊರಗೆ ಬಂದು ಕಿಟಕಿಯ ಕೆಳಗೆ ಗೋಡೆಯ ಬುಡದಲ್ಲಿ, ಮಣ್ಣಿನ ಮಟ್ಟಕ್ಕೆ ಸರಿಯಾಗಿ, ಮೊಳೆಯಿಂದ ಒಂದು ಗೆರೆ ಕೊರೆದರು.

ವನಮಾಲ ಕೇಳಿದ್ದು ಹೆಚ್ಚೇನಲ್ಲ. ಮಗುವಿಗೆ ಬೆಳಗಿನ ಬಿಸಿಲು ಬೀಳಬೇಕು, ಗೋಡೆ ಇಟ್ಟಿಗೆಯದಾಗಬೇಕು. ಮಹಡಿಯ ಕೋಣೆಗೆ ಬಿದಿರಿನ ತಟ್ಟಿಗೆ ಗಾರೆ ಬಳಿದು ಮಾಡುವುದೇ ವಾಡಿಕೆ ಎಂದು ಇಂದುಮತಿ ಹೇಳಿದಾಗ ಅವಳು ತಲೆಯಲ್ಲಾಡಿಸಿದಳು. "ನಾನು ಬೆಳೆದಿದ್ದು ತಟ್ಟಿ ಗೋಡೆ ಮನೇಲೇ ಮೇಡಂ. ಚಳಿಗಾಲದಲ್ಲಿ ನನ್ನ ತಮ್ಮನಿಗೆ ಎದೆ ಕಟ್ಟಿತು. ಅಮ್ಮ ಸಂದುಸಂದಿಗೂ ಬಟ್ಟೆ ತುರುಕಿದ್ರು. ಉಳೀಲಿಲ್ಲ." ಇಂದುಮತಿ ಇಟ್ಟಿಗೆ ಎಂದೇ ಬರೆದುಕೊಂಡರು.

ತೂಗುವ ದಿನ ಬೀದಿಯವರೆಲ್ಲ ನೋಡಲು ಬಂದರು. ಯಾರ ಮನೆಯಲ್ಲಿ ತೂಗಿದರೂ ಬರುತ್ತಾರೆ. ಒಳಗೆ ಹೋಗದ ಮನೆಗಳ ಹೊಟ್ಟೆಯಲ್ಲಿ ಏನೇನಿದೆ ಎಂದು ಕಾಣುವುದು ಅವತ್ತು ಮಾತ್ರ. ತಕ್ಕಡಿಯ ಬೋರಲಿಂಗ ಬಾಯಿ ಮುಚ್ಚಿಕೊಂಡಿರುವ ಆಳಲ್ಲ. ನನ್ನ ಪುಸ್ತಕಗಳನ್ನು ಹೊರುವಾಗ "ಇಷ್ಟು ಓದಿದ ಮೇಲೂ ಮೇಷ್ಟ್ರು ಇಷ್ಟೇ ತೆಳ್ಳಗಿದಾರಲ್ಲ" ಎಂದ. ದೇವರಾಜಶೆಟ್ಟರು ಊರಿನಲ್ಲೇ ದಪ್ಪ ಮನುಷ್ಯ. ಅವರು ಜಗುಲಿಯಿಂದ, "ನನ್ನ ಒಳಗೆ ಕರೀಬೇಕಾದ್ರೆ ಚೀಲದ ಜೊತೆ ಮೇಷ್ಟ್ರನ್ನೂ ಹೊರಗೆ ಕೂರಿಸ್ಬೇಕು ಕಣಯ್ಯ" ಎಂದಾಗ ಎಲ್ಲರೂ ನಕ್ಕರು. ತಾಮ್ರದ ಹಂಡೆ ಬಂತು, ವನಮಾಲಳ ತವರಿನ ಮರದ ಪೆಟ್ಟಿಗೆ ಬಂತು, ಅಕ್ಕನ ಹೊಲಿಗೆ ಯಂತ್ರ ಬಂತು. ಬಾಗಿಲ ಹಿಂದಿನ ಮೂಲೆಯಿಂದ ಹಾಸಿಗೆಗಳನ್ನು ಹೊತ್ತು ತಂದರು. ಅದರಲ್ಲಿ ಜಮಖಾನ ಸುತ್ತಿದ ಒಂದು ಗಂಟನ್ನು ಬೋರಲಿಂಗ ತಿಣುಕಿ ಎತ್ತಬೇಕಾಯಿತು.

"ಏನ್ ಮೇಷ್ಟ್ರೇ, ಹಾಸಿಗೆಗೆ ಸೀಸ ತುಂಬಿಸಿದೀರಾ?"

"ಹಳೇ ಹತ್ತಿ, ಥಂಡಿ ಹಿಡಿದಿದೆ" ಎಂದಳು ವನಮಾಲ, ನಾಚಿಕೊಂಡು. ಬೋರಲಿಂಗ ತೂಗಿ, ಜಮಖಾನದಿಂದ ಹೊರಗೆ ಇಣುಕುತ್ತಿದ್ದ ಗಂಟಿನ ಕುತ್ತಿಗೆಗೆ ಬೊಟ್ಟಿಟ್ಟು ಪಕ್ಕಕ್ಕೆ ಸರಿಸಿದ.

ಎಲ್ಲ ಮುಗಿದ ಮೇಲೆ ಇಂದುಮತಿ ವಾಡಿಕೆಯಂತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದರು, "ನೀವೇನು ಬಿಡ್ತೀರಿ?" ಬಿಟ್ಟದ್ದು ಬಂಡೆಯ ಮೇಲಕ್ಕೆ ಹೋಗುತ್ತದೆ. ನಾನು ಪುಸ್ತಕಗಳನ್ನು ಬಿಟ್ಟೆ. ವನಮಾಲ ಪೆಟ್ಟಿಗೆಯನ್ನೂ ಹಂಡೆಯನ್ನೂ ಬಿಟ್ಟಳು. ಅಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಸೆರಗಿನಿಂದ ಒರೆಸುತ್ತ "ಇದು" ಎಂದಳು. ನಾನು ಬೇಡವೆನ್ನುವಷ್ಟರಲ್ಲಿ, "ಕೈಯಲ್ಲಿ ಹೊಲೀತೀನಿ ಬಿಡೋ, ಮೊದ್ಲು ಹಾಗೇ ತಾನೆ ಕಲ್ತಿದ್ದು" ಎಂದಳು. ಇಂದುಮತಿ ಹೊರಹೋಗುವುದನ್ನು ಕಳೆದರು. ಇಟ್ಟಿಗೆ, ಗಾರೆ, ತೊಲೆ, ಹೆಂಚು ಕೂಡಿದರು. ಹುಟ್ಟುವ ಮಗುವನ್ನು ಬೆಳೆದ ಆಳೆಂದೇ ಲೆಕ್ಕ ಹಿಡಿದರು. ಒಬ್ಬ ಅತಿಥಿಯ ತೂಕವನ್ನೂ ಸೇರಿಸಿದರು. ಅದು ಎಲ್ಲ ಮನೆಗಳಿಗೂ ಸೇರಿಸುವಂಥದು, ಬಾಗಿಲ ಹಿಂದಿನ ಚೀಲದ ತೂಕ. ಕೂಡಿದ್ದನ್ನು, ನಮ್ಮ ಮನೆ ಹೊತ್ತು ಅಭ್ಯಾಸವಾದ ತೂಕವೆಂದು ಹಿಂದೆ ಬರೆದಿಟ್ಟಿದ್ದರ ಪಕ್ಕದಲ್ಲಿಟ್ಟು ನನಗೂ ತೋರಿಸಿದರು. ನಾನೂ ಎರಡು ಸಲ ಕೂಡಿದೆ. ಸರಿಯಾಗಿತ್ತು.

ಬೋರಲಿಂಗ ಕತ್ತು ಚಾಚಿ ನೋಡಿದ. "ಒಂದಾಳು ಜಾಸ್ತಿ ಆಯ್ತಲ್ಲ ಮೇಡಂ" ಎಂದ.

ಅವನು ಅಳತೆಯ ಮಾತಾಗಿ ಹೇಳಿದ್ದು. ತಕ್ಕಡಿಯವರು ಹಾಗೆಯೇ ಹೇಳುವುದು, ಅರ್ಧ ಆಳು, ಒಂದಾಳು ಎಂದು. ಆದರೆ ಶೆಟ್ಟರು ತಮ್ಮ ಚಪ್ಪಲಿ ನೋಡಿಕೊಂಡರು. ವನಮಾಲ ಕಟ್ಟಿಯಾಗಿದ್ದ ಪೆಟ್ಟಿಗೆಯ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ನಾನು ಮೂರನೆಯ ಸಲ ಕೂಡುತ್ತಿದ್ದೆ.

"ಎಲ್ರೂ ಊಟಕ್ಕೆ ಏಳಿ, ಅನ್ನ ಆರಿಹೋಗುತ್ತೆ" ಎಂದಳು ಅಕ್ಕ.

ಆ ಹೆಚ್ಚುವರಿಯನ್ನು ಇಳಿಸಲು ಇಂದುಮತಿಯವರೂ ನಾನೂ ಮಾಡದ ಪ್ರಯತ್ನವಿಲ್ಲ. ಅವರು ಬಂದಾಗಲೆಲ್ಲ ಕಾಗದದ ಮೇಲಿನ ಕೋಣೆ ಸ್ವಲ್ಪ ಸ್ವಲ್ಪವೇ ಕರಗುತ್ತಿತ್ತು. ಅಟ್ಟ ಹೋಯಿತು. ಗೂಡು ಹೋಯಿತು. ಹೆಂಚಿನ ಬದಲು ತಗಡು ಬಂತು, ತಗಡು ಬಿಸಿಲಿಗೆ ಕಾಯುತ್ತದೆಂದು ವನಮಾಲ ಅತ್ತದ್ದರಿಂದ ಮತ್ತೆ ಹೆಂಚು ಬಂತು. "ಇದು ಕೋಣೆಯೋ ಗಿಳಿ ಪಂಜರಾನೋ?" ಎಂದು ಒಂದು ದಿನ ಕಾಗದವನ್ನು ತಳ್ಳಿದಳು. ಎತ್ತ ತಿರುಗಿಸಿದರೂ ಕೊನೆಗೆ ಲೆಕ್ಕ ಗೋಡೆಗೆ ಬಂದು ನಿಲ್ಲುತ್ತಿತ್ತು. ಇಟ್ಟಿಗೆಯ ಬದಲು ತಟ್ಟಿ ಹಾಕಿದರೆ ಒಂದಾಳಿನಷ್ಟು ಉಳಿಯುತ್ತಿತ್ತು. ಅದನ್ನು ವನಮಾಲಳಿಗೆ ಹೇಳುವ ಧೈರ್ಯ ನನಗೂ ಇರಲಿಲ್ಲ, ಇಂದುಮತಿಯವರಿಗೂ ಇರಲಿಲ್ಲ. ಲೆಕ್ಕ ಮೀರಿ ಕಟ್ಟಿದರೆ ಅಕ್ಕನ ಕಿಟಕಿ ಮಣ್ಣೊಳಗೆ ಹೋಗುತ್ತಿತ್ತು. ಇವೆಲ್ಲ ಮಾತುಗಳೂ ನಡೆಯುತ್ತಿದ್ದುದು ಜಗುಲಿಯಲ್ಲಿ, ಆ ಕಿಟಕಿಯ ಪಕ್ಕದಲ್ಲಿ. ಒಳಗೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ ಕೂತಿರುತ್ತಿದ್ದಳು. ನಡುವೆ ಒಮ್ಮೆ ಕೆಮ್ಮಿದರೆ ನಾವು ದನಿ ತಗ್ಗಿಸುತ್ತಿದ್ದೆವು.

ಒಂದು ಬೆಳಿಗ್ಗೆ ರೊಟ್ಟಿ ಬಡಿಸುತ್ತ ಅಕ್ಕ, "ಬಂಡೆ ಮೇಲೆ ಒಂದು ಕೋಣೆ ಖಾಲಿ ಇದೆ. ನೋಡ್ಕೊಂಡು ಬಂದೆ" ಎಂದಳು.

"ಯಾರಿಗೆ?" ಎಂದೆ.

"ಶೆಟ್ರಿಗೆ." ಅವಳು ಇನ್ನೊಂದು ರೊಟ್ಟಿ ಹಾಕಿದಳು. "ನನಗೇ ಕಣೋ. ಮೆಷೀನೂ ಅಲ್ಲೇ ಇದೆ. ಕೈಯಲ್ಲಿ ಹೊಲಿದು ಹೊಲಿದು ಬೆರಳೆಲ್ಲ ತೂತಾಯ್ತು."

"ಛೆ, ಅದೆಲ್ಲ ಯಾಕಕ್ಕ."

"ಬಾಣಂತನಕ್ಕೆ ನೀವಿಲ್ದೆ ಹೇಗೆ ಅತ್ತಿಗೆ?" ಎಂದಳು ವನಮಾಲ.

"ಆಸ್ಪತ್ರೆ ಅಲ್ಲೇ ಅಲ್ವೇನೇ ಇರೋದು? ನಿನಗಿಂತ ಮೊದ್ಲು ನಾನೇ ಮಗೂನ ನೋಡೋದು, ನೋಡ್ತಿರು."

ನಾವು ಇನ್ನೂ ಹಲವು ಸಲ ಬೇಡ ಎಂದೆವು. ಊಟಕ್ಕೆ ಕೂತವರಿಗೆ ಇನ್ನೊಂದು ತುತ್ತು ಹಾಕಿಸಿಕೊಳ್ಳಿ ಎಂದು ಒತ್ತಾಯಿಸುವಾಗ ಇರುತ್ತದಲ್ಲ, ಅಂಥ ದನಿಯಲ್ಲಿ. ಅಕ್ಕ ಬಟ್ಟೆಗಳನ್ನೂ ಕತ್ತರಿಯನ್ನೂ ಒಂದು ಗಂಟು ಕಟ್ಟಿಕೊಂಡಳು. ಹೊರಡುವಾಗ ಹೊಸಿಲ ಬಳಿ ತಿರುಗಿ, "ಆ ಕಿಟಕಿಗೆ ಅಡ್ಡ ಏನೂ ಇಡ್ಬೇಡಿ" ಎಂದಳು.

ಕೋಣೆ ಎದ್ದಿತು. ಇಟ್ಟಿಗೆಯ ಗೋಡೆ, ಹೆಂಚಿನ ಸೂರು, ಪೂರ್ವಕ್ಕೆ ಕಿಟಕಿ. ಕೆಲಸ ಮುಗಿದ ದಿನ ಇಂದುಮತಿ ಅಕ್ಕನ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ತಾವು ಕೊರೆದ ಗೆರೆಯನ್ನು ನೋಡಿದರು. "ಒಂದು ಕೂದಲೆಳೆಯಷ್ಟೂ ಇಳಿದಿಲ್ಲ" ಎಂದು ಸಂತೋಷದಿಂದ ಹೇಳಿ ಒಳಗೆ ಇಣುಕಿದವರು, ಖಾಲಿ ಕೋಣೆಯನ್ನು ಕಂಡು ಎದ್ದರು. ಸೀರೆಗೆ ಹತ್ತಿದ್ದ ಮಣ್ಣನ್ನು ಬಹಳ ಹೊತ್ತು ಕೊಡವಿಕೊಳ್ಳುತ್ತಿದ್ದರು.

ಹೆಣ್ಣು ಮಗುವಾಯಿತು. ಅಕ್ಕ ಹೇಳಿದಂತೆಯೇ ಅವಳನ್ನು ಮೊದಲು ಎತ್ತಿಕೊಂಡವಳು ಅಕ್ಕ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವಳೇ ಗಂಜಿ ಕಾಯಿಸಿ ತಂದಳು, ಬಟ್ಟೆ ಒಗೆದಳು. ನಾವು ಮನೆಗೆ ಹೊರಟಾಗ ಬಂಡೆಯ ಅಂಚಿನವರೆಗೆ ಜೊತೆಯಲ್ಲಿ ಬಂದು, ಮಣ್ಣು ಶುರುವಾಗುವಲ್ಲಿ ನಿಂತುಬಿಟ್ಟಳು. "ಬಿಸಿಲು ಏರ್ತಿದೆ, ಮಗೂಗೆ ತಲೆ ಮುಚ್ಚಿ" ಎಂದಳು.

ವನಮಾಲಳ ತಾಯಿ ನಮ್ಮ ಜೊತೆಗಿದ್ದರು. ಬಾಗಿಲಲ್ಲಿ ನಿಂತು, "ಚೀಲ ಇಡ್ತೀರಾ ಅಳಿಯಂದಿರೇ?" ಎಂದರು. ಆಗ ನನಗೆ ನಮ್ಮ ಚೀಲ ನೆನಪಾದದ್ದು. ಅದನ್ನು ನಾನು ಮುಟ್ಟಿ ವರ್ಷಗಳಾಗಿದ್ದವು. ಮೊದಲು ಅಕ್ಕ ಎತ್ತುತ್ತಿದ್ದಳು. ಅವಳಿಗೆ ಬೆನ್ನು ನೋವು ಹಿಡಿದ ಮೇಲೆ ನಾನು ಎತ್ತಬೇಕಿತ್ತು. ಆದರೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಬಂದವರು ಜಗುಲಿಯಲ್ಲೇ ಮಾತು ಮುಗಿಸಿ ಹೋಗಿರುತ್ತಿದ್ದರು. ಯಾರೂ ಕೇಳಲಿಲ್ಲ, ನಾವೂ ಕರೆಯಲಿಲ್ಲ. ಚೀಲಕ್ಕೆ ಧೂಳು ಹಿಡಿಯಬಾರದೆಂದು ವನಮಾಲ ಜಮಖಾನ ಸುತ್ತಿದಳು. ಜಮಖಾನದ ಮೇಲೆ ಒಂದು ಹಾಸಿಗೆ ಬಂತು, ಅದರ ಮೇಲೆ ಇನ್ನೊಂದು. ಒಳಗಿರುವುದು ಚೀಲವೆಂಬುದು ನಮಗೆಲ್ಲ ಮರೆತೇಹೋಗಿತ್ತು.

ನಾನು ಹಾಸಿಗೆಗಳನ್ನು ತೆಗೆದೆ. ಜಮಖಾನ ಬಿಚ್ಚಿದೆ. ಚೀಲವನ್ನು ತಬ್ಬಿ ಎತ್ತಿಕೊಂಡಾಗ ಅದರ ಬಾಯಿ ಕಟ್ಟಿದ ಜಾಗ ನನ್ನ ಮುಖದ ಹತ್ತಿರ ಬಂತು. ಅಲ್ಲಿ ಸುಣ್ಣದ ಬೊಟ್ಟಿತ್ತು. ಬೋರಲಿಂಗನ ಬೆರಳಿನ ಗೆರೆಗಳು ಕಾಣುವಷ್ಟು ಸ್ಪಷ್ಟವಾಗಿತ್ತು.

ಚೀಲವನ್ನು ಜಗುಲಿಯ ಮೇಲಿಟ್ಟೆ. ಅತ್ತೆ ಒಳಗೆ ಹೋದರು. ನಾನು ಚೀಲದ ಪಕ್ಕದಲ್ಲೇ ಕುಳಿತೆ. ತಕ್ಕಡಿಯವರು ಅದನ್ನು ಹಾಸಿಗೆಯೆಂದು ತೂಗಿದ್ದರು. ಇಂದುಮತಿ ಅತಿಥಿಯೆಂದು ಅದನ್ನೇ ಮತ್ತೆ ಸೇರಿಸಿದ್ದರು. ಒಬ್ಬನೇ ಅತಿಥಿ ಎರಡು ಸಲ ನಮ್ಮ ಮನೆಗೆ ಬಂದಿದ್ದ. ನಾನು ಮೂರು ಸಲ ಕೂಡಿ ನೋಡಿದ್ದೆ. ಕೂಡಿದ್ದರಲ್ಲಿ ತಪ್ಪಿರಲಿಲ್ಲ.

ಇಂದುಮತಿಯವರಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. "ಚೀಲ ಯಾರೂ ತೂಗಲ್ಲ ಪದ್ಮನಾಭ ಅವರೇ. ತಕ್ಕಡಿಯವರು ಅದನ್ನ ಮುಟ್ಟೋದೂ ಇಲ್ಲ. ಊರಲ್ಲಿ ಎಲ್ಲಿ ಬೇಕಾದ್ರೂ ಕೇಳಿ."

"ನಮ್ಮನೇಲಿ ಅದರ ಮೇಲೆ ಹಾಸಿಗೆ ಇತ್ತು."

"ಅದು ಚೀಲ ಅಂತ ಗೊತ್ತಾಗದಷ್ಟು..." ಎಂದು ಶುರು ಮಾಡಿ ನಿಲ್ಲಿಸಿದರು. ಹಳೆಯ ಲೆಕ್ಕದ ಕಾಗದ ತೆಗೆದು ಒಂದು ಸಾಲನ್ನು ಹೊಡೆದುಹಾಕಿ, "ನಿಮ್ಮನೇಲಿ ಒಂದಾಳಿನ ಜಾಗ ಇದೆ. ಅವತ್ತೂ ಇತ್ತು" ಎಂದರು. "ಹೋಗಿ ಕರ್ಕೊಂಡು ಬನ್ನಿ."

ಅಕ್ಕನ ಕೋಣೆ ಬಂಡೆಯ ಸಾಲಿನಲ್ಲಿ ಕೊನೆಯದು. ಹೊಲಿಗೆ ಯಂತ್ರ ನಡುವಿನಲ್ಲಿತ್ತು. ಗೋಡೆಗೆ ಒಂದು ಕಲ್ಲಿನ ಬೆಂಚು, ಮೂಲೆಯಲ್ಲಿ ಒರಳುಕಲ್ಲು, ನಮ್ಮ ಹಳೆಯ ತಾಮ್ರದ ಹಂಡೆ. ಊರಿನವರು ಬಿಟ್ಟ ಭಾರಗಳೆಲ್ಲ ಹೀಗೆ ಬಂಡೆಯವರ ಪಾಲಿಗೆ ಬರುತ್ತವೆ. ಕಿಟಕಿ ಮಾತ್ರ ಸೂರಿನ ಹತ್ತಿರ, ಎತ್ತರದಲ್ಲಿತ್ತು.

"ಇಲ್ಲಿ ಯಾರ ಕಾಲೂ ಕಾಣಲ್ಲ ಕಣೋ" ಎಂದಳು ಅಕ್ಕ, ನಾನು ನೋಡುತ್ತಿದ್ದುದನ್ನು ಕಂಡು. "ಒಂದೊಂದ್ಸಲ ಹಕ್ಕಿ ಹೊಟ್ಟೆ ಕಾಣುತ್ತೆ."

ನಾನು ಚೀಲದ ವಿಷಯ ಹೇಳಿದೆ. ಅವಳು ಕೇಳಿ ನಗತೊಡಗಿದಳು. "ಹಾಸಿಗೆಗೆ ಸೀಸ ತುಂಬಿಸಿದೀರಾ ಅಂದಿದ್ದು ಅದಕ್ಕಾ! ಹಳೇ ಹತ್ತಿ ಅಂತೆ!" ನಗುನಗುತ್ತ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ನನಗೂ ನಗು ಬಂತು. ಎಲ್ಲ ಸರಿಹೋಯಿತೆಂದು ಆ ಕ್ಷಣಕ್ಕೆ ಅನ್ನಿಸಿತು.

"ಹೊರಡು ಅಕ್ಕ. ಕೋಣೆ ಹಾಗೇ ಇದೆ. ಕಿಟಕಿಗೆ ಏನೂ ಅಡ್ಡ ಇಟ್ಟಿಲ್ಲ."

ಅವಳು ಯಂತ್ರದ ಮೇಲಿದ್ದ ಬಟ್ಟೆಯ ಅಂಚನ್ನು ಮಡಚಿ ಉಗುರಿನಿಂದ ಒತ್ತಿದಳು. "ಲೆಕ್ಕ ತಪ್ಪಿತ್ತು ಅಂತ ಕರೆಯೋಕೆ ಬಂದಿದೀಯ. ಲೆಕ್ಕ ಸರಿ ಇದ್ದಿದ್ರೆ?"

ನಾನು ಕಲ್ಲಿನ ಬೆಂಚಿನ ಮೇಲೆ ಕುಳಿತೆ.

"ಅವತ್ತು ಬೋರಲಿಂಗ ಒಂದಾಳು ಜಾಸ್ತಿ ಅಂದ್ನಲ್ಲ. ನಿಮ್ಮಲ್ಲಿ ಒಬ್ರಾದ್ರೂ ನನ್ನ ಮುಖ ನೋಡಿದ್ರೆ ನಾನೂ ಏನೋ ತಮಾಷೆ ಮಾಡಿ ಮುಗಿಸಿಬಿಡ್ತಿದ್ದೆ. ಎಲ್ರೂ ನೆಲ ನೋಡಿದ್ರಿ. ನನಗೆ ಕಾಲು ನೋಡೋದು ಅಭ್ಯಾಸ ಅಲ್ವಾ, ನಿಮ್ಮೆಲ್ಲರ ಕಾಲೂ ನೋಡಿದೆ. ಒಂದೂ ನನ್ನ ಕಡೆ ತಿರುಗಿರ್ಲಿಲ್ಲ."

"ಕೋಪಾನಾ ಅಕ್ಕ?"

"ಕೋಪ ಆಗಿದ್ರೆ ಇಷ್ಟೊತ್ತಿಗೆ ಬಂದು ಜಗಳ ಆಡಿರ್ತಿದ್ದೆ." ಅವಳು ಎದ್ದು ನನಗೆ ನೀರು ಕೊಟ್ಟಳು. ಬಂಡೆಯ ಮೇಲೆ ನೀರು ಕೊಡುವುದು ದೊಡ್ಡ ಉಪಚಾರ. "ಹೆಸರಿಡೋ ದಿನ ಹೇಳಿ ಕಳಿಸು. ಸೋದರತ್ತೆ ಇಲ್ದೆ ಕಿವೀಲಿ ಹೆಸರು ಹೇಳೋರ್ಯಾರು? ಬರ್ತೀನಿ."

ವನಮಾಲಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೊಸ ಕೋಣೆಯ ಇಟ್ಟಿಗೆ ಗೋಡೆಗೆ ಒರಗಿ ಕೂತಿದ್ದಳು. ಕೇಳಿದ ಮೇಲೆ ಗೋಡೆಯಿಂದ ಬೆನ್ನನ್ನು ಸ್ವಲ್ಪ ಸರಿಸಿದಳು. ಮನೆಗೆ ಒಂದಾಳಿನ ತೂಕ ಉಳಿದಿದೆಯೆಂದು ತಿಳಿದ ಅವಳ ತಾಯಿ, "ಹಾಗಾದ್ರೆ ನನ್ನ ಕಬ್ಬಿಣದ ಮಂಚ ತರಿಸ್ಕೋ, ನೆಲದ ಥಂಡಿ ತಪ್ಪುತ್ತೆ" ಎಂದರು. "ಬೇಡಮ್ಮ. ಅದು ಅತ್ತಿಗೆ ಜಾಗ" ಎಂದಳು ವನಮಾಲ. ಬಾಣಂತನ ಮುಗಿಸಿ ಅವರು ತಮ್ಮ ಮನೆಗೆ ಹಿಂದಿರುಗಿದ ಮೇಲೂ ಆ ಜಾಗಕ್ಕೆ ನಾವು ಏನನ್ನೂ ತರಲಿಲ್ಲ.

ಹೆಸರಿಡುವ ದಿನ ಬೀದಿಯವರೂ ನೆಂಟರೂ ಜಗುಲಿಯಲ್ಲಿ ತುಂಬಿದ್ದರು. ತೊಟ್ಟಿಲು ಮಹಡಿಯ ಹೊಸ ಕೋಣೆಯಲ್ಲಿತ್ತು. ಅಕ್ಕ ಬಂದಳು. ಬಂಡೆಯ ಬಿಸಿಗೆ ಅವಳ ಹಿಮ್ಮಡಿಗಳು ಒಡೆದಿದ್ದವು. ಕಾಲು ತೊಳೆದುಕೊಂಡು ಹೊಸಿಲ ಮುಂದೆ ಬಂದು ನಿಂತಳು.

"ಬಾ ಅಕ್ಕ" ಎಂದೆ.

ಅವಳು ನಿಂತೇ ಇದ್ದಳು.

"ಬಾರಕ್ಕ, ಹೊತ್ತಾಯ್ತು."

"ಚೀಲ?" ಎಂದಳು.

"ನಿನಗ್ಯಾಕೆ ಚೀಲ? ನಿನ್ನ ಜಾಗ ಇದೆ."

"ಎತ್ತೋ ಪದ್ದು" ಎಂದಳು ಸಣ್ಣ ದನಿಯಲ್ಲಿ. "ಜನ ನೋಡ್ತಿದಾರೆ."

ಜಗುಲಿಯಿಂದ ದೇವರಾಜಶೆಟ್ಟರು, "ಒಂದೇ ಚೀಲ ಸಾಕು ಮೇಷ್ಟ್ರೇ, ನಾನೇನೂ ಒಳಗೆ ಬರ್ತಿಲ್ಲ" ಎಂದರು. ಕೆಲವರು ನಕ್ಕರು. ನಾನು ಬಾಗಿಲ ಹಿಂದೆ ಹೋಗಿ, ಚೀಲವನ್ನು ತಬ್ಬಿ ಎತ್ತಿ, ಅಕ್ಕನ ಪಕ್ಕದಿಂದಲೇ ಹಾದು ಜಗುಲಿಯ ಮೇಲೆ ತಂದಿಟ್ಟೆ. ಆಗ ಅವಳು ಅತಿಥಿಗಳು ಇಡುವಂತೆ ಬಲಗಾಲು ಮುಂದಿಟ್ಟು ಒಳಗೆ ಬಂದಳು.

ಮೆಟ್ಟಿಲು ಹತ್ತಿ ಹೊಸ ಕೋಣೆಗೆ ಹೋದವಳು ಮೊದಲು ಗೋಡೆಯ ಮೇಲೆ ಅಂಗೈ ಇಟ್ಟಳು. "ಗಟ್ಟಿಯಾಗಿದೆ. ಚಳಿಗಾಲಕ್ಕೆ ಒಳ್ಳೇದು" ಎಂದಳು ವನಮಾಲಳಿಗೆ. ವನಮಾಲ ಮಗುವನ್ನು ಅವಳ ಕೈಗಿಟ್ಟು, ಕೈಯನ್ನು ಹಿಂದೆಗೆದುಕೊಳ್ಳದೆ ಹಾಗೆಯೇ ಹಿಡಿದು ನಿಂತಳು. ಏನೋ ಹೇಳಲು ಹೊರಟಳು. "ಮಗೂ ಎದುರು ಅಳ್ಬಾರ್ದು ಕಣೇ" ಎಂದಳು ಅಕ್ಕ. ಆಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಬಹಳ ಹೊತ್ತು ಹೇಳಿದಳು. ಹೆಸರು ಅಷ್ಟು ಉದ್ದವಾಗಿರಲಿಲ್ಲ.

ಊಟಕ್ಕೆ ಅವಳಿಗೆ ಮಣೆ ಹಾಕಿ ಎಲೆ ಹಾಕಿದೆವು. ಬಡಿಸಿದ್ದನ್ನು ಉಂಡಳು, ಸಾಕು ಎಂದಳು, ಇನ್ನೊಂದು ಸ್ವಲ್ಪ ಎಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಜೀವಮಾನವೆಲ್ಲ ಬೇಯಿಸಿದ ಅಡುಗೆಮನೆಯೊಳಕ್ಕೆ ಹೋಗಲಿಲ್ಲ. ತನ್ನ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಳಗೆ ಕಾಲಿಡದೆ, ಕಿಟಕಿಯಿಂದ ನೆಲದ ಮೇಲೆ ಬಿದ್ದ ಬೆಳಕನ್ನು ನೋಡಿದಳು.

"ಇವತ್ತು ಇಲ್ಲೇ ಉಳ್ಕೋ" ಎಂದೆ.

"ಶೆಟ್ರ ಸೊಸೆ ರವಿಕೆ ನಾಳೆಗೆ ಕೊಡ್ಬೇಕು" ಎಂದಳು. "ಬರ್ತೀನಿ."

ಎಲ್ಲರಿಗೂ ಹೇಳಿ ಹೊರಟಳು. ಅತಿಥಿ ಬೀದಿಯ ತಿರುವು ದಾಟುವವರೆಗೆ ಚೀಲವನ್ನು ಮುಟ್ಟಬಾರದೆಂಬುದು ನಮ್ಮ ಕ್ರಮ. ನಾನು ಅವಳ ಕೋಣೆಗೆ ಹೋಗಿ ಯಂತ್ರವಿದ್ದ ಜಾಗದಲ್ಲಿ ಕುಳಿತೆ. ಅಲ್ಲಿಂದ ನಾನು ಯಾವತ್ತೂ ಬೀದಿಯನ್ನು ನೋಡಿರಲಿಲ್ಲ. ಬಹಳ ಪಾದಗಳು ಹಾದುಹೋದವು. ಯಾರದೆಂದು ನನಗೆ ತಿಳಿಯಲಿಲ್ಲ. ಆಮೇಲೆ ಒಡೆದ ಹಿಮ್ಮಡಿಯ ಎರಡು ಪಾದಗಳು ಬಂದು ಕಿಟಕಿಯ ಮುಂದೆ ನಿಂತವು. ಬೆರಳುಗಳು ಕಿಟಕಿಯ ಕಡೆಗೇ ಇದ್ದವು. ಬಗ್ಗಿ ನೋಡುತ್ತಾಳೆಂದು ಕಾದೆ. ಅವಳು ಬಗ್ಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಾದಗಳು ತಿರುಗಿ ಬಂಡೆಯ ದಾರಿ ಹಿಡಿದವು.

ನಾನು ಹೊರಗೆ ಬಂದು ಚೀಲವನ್ನು ಎತ್ತಿಕೊಂಡೆ. ಒಳಗೆ ತಂದು ಬಾಗಿಲ ಹಿಂದೆ ಇಟ್ಟೆ. ಹೊಸಿಲು ಇದ್ದಲ್ಲೇ ಇತ್ತು.